ತೊರಕೆಮುಳ್ಳಿನ ಗೊಂಬೆ

ಬಾವಿಯ ಹತ್ತಿರ ಬಂದಾಗ ನೆಸೈಮಲ್ ಕೈಯಲ್ಲಿದ್ದ ತೆಂಗಿನಗರಿಯ ದೊಂದಿ ಆರಿಹೋಯಿತು. ಗಾಳಿ ಇರಲಿಲ್ಲ... ಆರಿತು, ಅಷ್ಟೆ. ಬೇರೆ ದಿನವಾಗಿದ್ದರೆ ಹೆದರುತ್ತಿದ್ದಳು. ಆ ರಾತ್ರಿ ಅವಳೊಳಗೆ ಹೆದರಿಕೆಗೆ ಜಾಗವಿರಲಿಲ್ಲ, ಸಿಟ್ಟು ತುಂಬಿತ್ತು.

ಸತಾವಲ್ ದ್ವೀಪದಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಜೀಗುಜ್ಜೆ ಮರವಷ್ಟೆ. ಕೇಳಿದ್ದಕ್ಕೆ ಒಂದು ಮಾತನ್ನೂ ಸೇರಿಸುತ್ತಿಲ್ಲ.

ಅವಳ ತಮ್ಮ ರೆಪಿಯಾಂಗ್ ಆಮೆ ಹಿಡಿಯಲು ಹಾಯಿದೋಣಿಯಲ್ಲಿ ಪಿಕೆಲೊಟ್ ದ್ವೀಪಕ್ಕೆ ಹೋಗಿದ್ದ. ದಾರಿ ತೋರಲು ನಕ್ಷತ್ರಗಳಿವೆ, ದೋಣಿಯ ಹೊಟ್ಟೆಗೆ ಬಡಿಯುವ ಅಲೆಗಳಿವೆ. ಬಿರುಗಾಳಿಗೆ ಮಾತ್ರ ಬೇರೆ ಕಾವಲು ಬೇಕು: ತೊರಕೆ ಮೀನಿನ ಬಾಲಮುಳ್ಳುಗಳನ್ನು ಕಾಲಾಗಿ ಕಟ್ಟಿದ ಮರದ ಗೊಂಬೆ. ಸುತ್ತಿದ ಚಾಪೆಯನ್ನು ಬಿಚ್ಚದೆ ಅದನ್ನು ಎತ್ತಿ ಹಿಡಿದು ಗಾಳಿಯನ್ನು ಬೈಯಬೇಕು. ಅದನ್ನು ಕೆತ್ತಿದವನು ಅವಳ ಅಜ್ಜ, ಎಡಗಾಲು ಎಳೆದು ನಡೆಯುತ್ತಿದ್ದ ಮುದುಕ. ಅವನ ದೇಹವನ್ನು ಕಡಲಿಗೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಆ ಗೊಂಬೆಯನ್ನು ಸೋದರಮಾವ ಎಮಾಯ್ ಯಾವನೋ ಪರದೇಶಿ ಹಡಗಿನವನಿಗೆ ಕೊಟ್ಟು, ದೋಣಿಯ ಇಂಜಿನ್ ಪಡೆದಿದ್ದ. ಚಾಪೆಯೊಳಗೆ ಬರಿಯ ಮರದ ತುಂಡನ್ನು ಸುತ್ತಿ ಹುಡುಗನ ಕೈಗಿತ್ತಿದ್ದ. ಕಳ್ಳು ಏರಿದಾಗ ನಗುತ್ತ ಹೇಳಿಕೊಂಡಿದ್ದನಂತೆ. ಆ ಮಾತು ಆ ರಾತ್ರಿ ಅವನ ಹೆಂಡತಿಯ ಮನೆಯಲ್ಲಿ ಅವಳ ಕಿವಿಗೆ ಬಿದ್ದಿತ್ತು, ಅಲ್ಲಿಂದಲೇ ಮನೆಗೆ ಹೊರಟಿದ್ದಳು.

ಪಿಕೆಲೊಟ್ ದಿಕ್ಕಿನಲ್ಲಿ ಮಿಂಚು ಹೊಡೆಯುತ್ತಿತ್ತು.

ಬಾವಿ ದಾಟಿದರೆ ದೋಣಿಮನೆ. ಕತ್ತಲೊಳಗೆ ಗಂಡಸೊಬ್ಬ ಕೂತಿದ್ದ. ಮಾವನೇ. ಕೂತ ಮಾವನೆದುರು ಹೆಣ್ಣು ಬೆನ್ನು ಬಾಗಿಸಿ ಹೋಗಬೇಕು. ನೆಸೈಮಲ್ ನೆಟ್ಟಗೆ ನಿಂತಳು.

"ಇಂಜಿನ್ ತಬ್ಕೊಂಡು ಮಲಗೋದು ಬಿಟ್ಟು ಇಲ್ಲೇನ್ ಮಾಡ್ತಿದ್ದೀಯ, ಮಾವ?"

ಟಪ್... ಟಪ್... ಅವನು ಕೂತ ಕಡೆ ಮರಳಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ಯಾರಿಗೆ ಕೊಟ್ಟ?" ಕೂತವನ ಪಿಸುದನಿ.

"ಕೊಟ್ಟೋನು ನೀನು, ನನ್ನ ಕೇಳ್ತೀಯಲ್ಲ! ಅಮಲು ಇನ್ನೂ ಇಳಿದಿಲ್ವಾ?"

"ಹುಡುಗನ ಕೈಲಿ ಏನಿದೆ?"

"ಸೌದೆ! ಒಲೆಗೆ ಹಾಕೋ ಸೌದೆ! ಅವನೇನಾದ್ರೂ ವಾಪಸ್ ಬರಲಿಲ್ಲ ಅಂದ್ರೆ, ಅದೇ ಸೌದೇಲಿ ನಿನ್ನ..."

ಅವನು ಎದ್ದ. ಅವಳ ಪಕ್ಕದಲ್ಲೇ ಹಾದು ಕಡಲಿನತ್ತ ನಡೆದ. ಸರ್ರ್... ಧಪ್. ಸರ್ರ್... ಧಪ್. ಒಂದು ಕಾಲು ಎಳೆಯುವ ಸದ್ದು. ನೀರಿಗಿಳಿದಾಗ ಮಾತ್ರ ಯಾವ ಸದ್ದೂ ಆಗಲಿಲ್ಲ.

ಯಾರೂ ಹೇಳದೆ ಅವಳ ಬೆನ್ನು ಬಾಗಿತು.

ಮನೆಗೆ ಓಡಿ ಬಂದರೆ ಎಮಾಯ್ ಒಲೆಯ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ. "ಸಂಜೆಯಿಂದ ಇಲ್ಲೇ ಬಿದ್ದವ್ನೆ. ಮೆತ್ತಗೆ ಬಾ," ಎಂದಳು ಅವ್ವ.

ಬೆಳಗ್ಗೆ ಹರಿದ ಹಾಯಿಯೊಂದಿಗೆ ರೆಪಿಯಾಂಗನ ದೋಣಿ ಬಂತು. ಊರೆಲ್ಲ ದಡದಲ್ಲಿತ್ತು. ಅವನ ದನಿ ಒಡೆದುಹೋಗಿತ್ತು.

"ಗಂಟಲು ಹರಿಯೋ ಹಾಗೆ ಗಾಳಿಗೆ ಬೈದೆ ಅಕ್ಕ. ಗಾಳಿ ಬಗ್ಗಲಿಲ್ಲ. ಆಮೇಲೆ... ನನ್ನ ಬೆನ್ನ ಹಿಂದೆ ಇನ್ಯಾರೋ ಬೈಯೋಕೆ ಶುರು ಮಾಡಿದ್ರು. ನನಗಿಂತ ಜೋರಾಗಿ."

"ಬೈದಿದ್ದು ಏನು ಹಿಡ್ಕೊಂಡು ಗೊತ್ತಾ? ಎಲ್ಲರೂ ನೋಡ್ಲಿ," ಎಂದು ನೆಸೈಮಲ್ ಚಾಪೆ ಕಿತ್ತುಕೊಂಡಳು. ಎಮಾಯ್ ಕೈ ಅಡ್ಡ ತಂದ. ಅವಳು ಅವನ ಮುಖವನ್ನೇ ನೋಡುತ್ತ ಗಂಟು ಹರಿದು, ಒಳಗಿದ್ದುದನ್ನು ಅವನ ಚಾಚಿದ ಕೈಗೇ ಎಸೆದಳು.

ಎಮಾಯ್ ಚೀರಿದ. ಅವನ ಅಂಗೈಯಿಂದ ರಕ್ತ ಸುರಿಯಿತು.

ಅದೇ ಮರದ ತುಂಡು. ಮುಖವಿಲ್ಲ, ಕೆತ್ತನೆಯಿಲ್ಲ. ಕೆಳಗೆ ತೊರಕೆಯ ನಾಲ್ಕು ಮುಳ್ಳುಗಳಿದ್ದವು, ಇನ್ನೂ ಲೋಳೆ ಆರದವು.

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ತುಂಡು ಇಂದಿಗೂ ದೋಣಿಮನೆಯ ತೊಲೆಗೆ ತೂಗುತ್ತಿದೆ. ನಾನೇ ಮುಟ್ಟಿ ನೋಡಿದ್ದೇನೆ. ಮುಳ್ಳುಗಳನ್ನು ಯಾರೂ ಕಟ್ಟಿಲ್ಲ, ಚುಚ್ಚಿಯೂ ಇಲ್ಲ. ಮರದೊಳಗಿಂದ ಬೆಳೆದಿವೆ.