ಒಂದಂಕೆ ತಪ್ಪಿದ್ದು

ಹೊಸಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಗಂಗಾಳ ಪಕ್ಕದಲ್ಲೇ ಕಂಪ್ಯೂಟರ್ ಮಾಷ್ಟ್ರು ಈಶ್ವರಪ್ರಸಾದರಿಗೆ ಹಳೆಯ ವಿದ್ಯಾರ್ಥಿನಿ ರಾಹಿಲಾ ಸಿಕ್ಕಿದಳು. ಬೇಡವೆಂದರೂ ಮಾತು ಗಂಗಾಳ ಕಿವಿಗೆ ಬಿತ್ತು.

"ಈಗಲೂ ನೆಟ್‌ವರ್ಕಿಂಗ್ ಕಲಿಸುವುದಾ ಸರ್?"

"ಹೌದು. ಈಗ ಒಂದೇ ಕಂಪ್ಯೂಟರಿನೊಳಗೆ ನಾಲ್ಕು ವರ್ಚುವಲ್ ಮೆಷಿನ್ ಉಂಟು. ಮಕ್ಕಳು ಎಂತ ಕೆಡಿಸಿದರೂ ಎರಡು ನಿಮಿಷದಲ್ಲಿ ಮೊದಲಿನ ಹಾಗೆ ಆಗ್ತದೆ."

"ನಾನು ಕೆಡಿಸಿದಾಗ ಇಡೀ ಕಾಲೇಜಿನ ಇಂಟರ್‌ನೆಟ್ ಹೋಗಿತ್ತು."

"ಎಲ್ಲರೆದುರು ಬೈದುಬಿಟ್ಟೆ. ನೀನು ಮತ್ತೆ ಬರಲೇ ಇಲ್ಲ."

"ಹೆದರಿಕೆ ಆಯ್ತು ಸರ್. ಕೋರ್ಸೇ ಬಿಟ್ಟೆ."

"ಆಮೇಲೆ ನೋಡಿದರೆ ನೀನು ಹಾಕಿದ ಐಪಿ ವಿಳಾಸದಲ್ಲಿ ಒಂದೇ ಅಂಕೆ ತಪ್ಪಿದ್ದು."

"ಆಗಲೇ ಹೇಳಬಹುದಿತ್ತಲ್ಲ ಸರ್?"

"ಹೇಳಲಿಕ್ಕೇಂತ ಕುಂಜತ್ತೂರಿಗೆ ಬಂದಿದ್ದೆ. ನಿಮ್ಮ ಮನೆಯಂಗಳದಲ್ಲಿ ನಿನ್ನ ಮದುವೆಗೆ ಚಪ್ಪರ ಹಾಕ್ತಾ ಇದ್ದರು. ಗೇಟಿನಿಂದಲೇ ತಿರುಗಿ ಹೋದೆ."

ಬಸ್ಸು ಬಂತು. ರಾಹಿಲಾ ಹತ್ತಿದಳು. ಅದೇ ಬಸ್ಸಿಗೆ ಕಾದಿದ್ದ ಮಾಷ್ಟ್ರು ಹತ್ತಲಿಲ್ಲ.