ದೂರ ಎಷ್ಟು ದೂರ

ಅಧ್ಯಕ್ಷತೆ ವಹಿಸಿರುವ ಶಾಂಭವಿ ಮೇಡಂ ಅವರೇ, ವೇದಿಕೆಯ ಗಣ್ಯರೇ, ಗೆಟ್ಟವಾಡಿ ಮಹಿಳಾ ಸಂಘದ ಸದಸ್ಯೆಯರೇ, ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮತ್ತೆ ಮಾದೇವಮ್ಮನವರೇ, ಊಟದ ವಾಸನೆಗೆ ಬಂದು ಹಿಂದೆ ನಿಂತಿರುವ ಗಂಡಸರೇ, ಒಟ್ಟಾರೆ ಸಭಿಕರೇ,

ವಾರ್ಷಿಕೋತ್ಸವದಲ್ಲಿ ‘ಮಹಿಳೆ ಮತ್ತು ಕೀಲುವಾತ’ ಎಂಬ ವಿಷಯ ಕೊಟ್ಟಿದ್ದೀರಿ. ನಾನು ಡಾಕ್ಟರಲ್ಲ, ಬರೀ ಬಿ.ಎ. ಆದರೆ ಗಂಟುಗಳ ನಂಟು ನನಗೂ ಉಂಟು.

ಆರು ವರ್ಷದ ಹಿಂದೆ, ಮೂವತ್ತೊಂಬತ್ತರಲ್ಲಿ, ಬೆಳಗಾದರೆ ನನ್ನ ಬೆರಳು ಮಡಚುತ್ತಿರಲಿಲ್ಲ. ಹಾಲು ಕರೆಯುವುದು ಹೇಗೆ, ಮುದ್ದೆ ಕಟ್ಟುವುದು ಹೇಗೆ? ನಮ್ಮ ಯಜಮಾನರು, ಬಿಳಿಗಿರಿಯವರು, ಘಟ್ಟದ ಕೆಳಗಿನ ಸತ್ಯಮಂಗಲದ ಆಸ್ಪತ್ರೆಗೆ ಕರೆದೊಯ್ದರು. ಜೊತೆಗೆ ಅತ್ತೆಯವರು. ದೂರ ಎಲ್ಲ ಹೇಗಿದೆ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು: “ದೂರಂ ಎಲ್ಲಾಂ ಎಪ್ಪಡಿ ಇರುಕ್ಕು?”

ಯಜಮಾನರು ಥಟ್ಟನೆ, “ರೊಂಬ ದೂರಂ ಅಮ್ಮಾ, ಅರುವದು ಕಿಲೋಮೀಟರ್!” ತುಂಬಾ ದೂರ, ಅರವತ್ತು ಕಿಲೋಮೀಟರಂತೆ!

ತಮಿಳಿನಲ್ಲಿ ‘ದೂರಂ’ ಎಂದರೆ ದಾರಿಯ ದೂರವೂ ಹೌದು, ನಾವು ‘ಹೊರಗೆ ಕೂರುವುದು’ ಎನ್ನುತ್ತೇವಲ್ಲ, ಅದೂ ಹೌದು. ಡಾಕ್ಟರಮ್ಮ ಕೇಳಿದ್ದು ಎರಡನೆಯದು. ಡಾಕ್ಟರಮ್ಮ ಅವರನ್ನೇ ಹೊರಗೆ ಕೂರಿಸಿದರು. ಆಮೇಲೆ ನನಗೆ ಹೇಳಿದರು: ನಲವತ್ತೈದಕ್ಕೂ ಮೊದಲೇ ಮುಟ್ಟು ನಿಂತವರಲ್ಲಿ ಈ ಕಾಯಿಲೆ ಹೆಚ್ಚು ಕಾಣುತ್ತದೆ, ಎಲ್ಲರಿಗೂ ಬರುತ್ತದೆಂದಲ್ಲ, ಆದರೆ ಮುಚ್ಚಿಡಬೇಡ.

ಮುಚ್ಚಿಡದೆ ಏನು ಮಾಡಲಿ? ನನ್ನ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಮುಟ್ಟು ನಿಂತ ದಿನವೇ ಗುಟ್ಟು ಶುರು. ಆದರೂ ತಿಂಗಳಿಗೆ ಮೂರು ದಿನ ತಪ್ಪದೆ ಜಗಲಿಯ ಚಾಪೆಯಲ್ಲಿ ಕೂರುತ್ತಿದ್ದೆ. ಕರೆಯುವುದಿಲ್ಲ, ಕಡೆಯುವುದಿಲ್ಲ, ತೊಳೆಯುವುದಿಲ್ಲ. ಕೈಗೆ ಬೇರೆ ರಜೆ ಯಾರು ಕೊಟ್ಟಿದ್ದರು? ನಿಜ ಹೇಳಿದರೆ ಔಷಧಿ ಸಿಗುತ್ತದೆ, ರಜೆ ಹೋಗುತ್ತದೆ. ಅತ್ತೆ ಪಕ್ಕದಲ್ಲೇ ಇದ್ದಾರೆ. ಕಣ್ಣು ಮುಚ್ಚಿ ಹೇಳಿಬಿಟ್ಟೆ.

ವಾಪಸು ಬರುವಾಗ ಬಸ್ಸು ದಿಂಬಂ ಘಾಟಿಯ ಇಪ್ಪತ್ತೇಳು ತಿರುವನ್ನೂ ಹತ್ತಿತು. ಮುಂದಿನ ಸೀಟಿನಲ್ಲಿ ಯಜಮಾನರು ಗೊರಕೆ ಹೊಡೆಯತೊಡಗಿದ ಮೇಲೆ ಅತ್ತೆ ನನ್ನ ಕಿವಿಯಲ್ಲಿ ಅಂದರು: “ನಂಗೂ ಮೂವತ್ತಾರ್ಕೇ ನಿಂತೋಯ್ತು ಕಣವ್ವ. ಐವತ್ತ್ ಗಂಟ ಒರಗೇ ಕುಂತಿದ್ದೆ.”

ಆಗ ಮೊದಲ ಸಲ ಅವರ ಬೆರಳು ನೋಡಿದೆ. ಹದಿನೆಂಟು ವರ್ಷ ಒಂದೇ ಒಲೆ ಮುಂದೆ ಇದ್ದೆವು, ಸಭಿಕರೇ. ಸೊಟ್ಟಗಿದ್ದವು.

ಮಾತ್ರೆ ನುಂಗಿದೆ, ಮುಷ್ಟಿ ಮಡಚಿತು. ಮುಂದಿನ ತಿಂಗಳು ಚಾಪೆ ಹಾಸಿದವರು ಅತ್ತೆಯೇ. “ಪರಿಮಳ ಒರಗವ್ಳೆ ಕಣ್ಲಾ, ಓಗಿ ಆಲು ಕರಿ” ಎಂದು ಮಗನನ್ನು ಕೊಟ್ಟಿಗೆಗೆ ಅಟ್ಟಿದರು. ಅಂದಿನಿಂದ ಒಂದು ತಿಂಗಳೂ ತಪ್ಪಿಲ್ಲ.

ಅಯ್ಯೋ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಹಿಂದಿನ ಕಂಬದ ಹತ್ತಿರ ಯಜಮಾನರು ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಾರೆ. ರೀ, ಆರು ವರ್ಷ. ಅತ್ತೆಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. ರೀ, ನಿಮ್ಮ ಬೆರಳು ಚೆನ್ನಾಗಿ ಮಡಚುತ್ತವೆ, ನಾಳೆಯಿಂದ ಹಸು ಕರೆಯುವ ಕೆಲಸ ನಿಮ್ಮದೇ. ಇನ್ನು ಚಾಪೆ ಹಾಸುವ ಕಷ್ಟ ನಮಗಿಲ್ಲ.

ಕೇಳಿದ ಕಿವಿಗಳಿಗೂ, ನೋಯುವ ಕೈಗಳಿಗೂ ವಂದನೆ. ನಮಸ್ಕಾರ.