ಕನ್ನಡಕದ ಡಬ್ಬಿಯ ಗುಳಿಗೆ

ಹಲೋ... ಹಲೋ, ಯಾರು ಮಾತಾಡುವುದು?

...

ಹಾಂ, ನೀವಾ. ನಾನು ಪುನಃ ಮೆಡಿಕಲ್ ಅಂಗಡಿಯ ಜೆಸ್ಸಿಯೋ ಅಂತ ಎಣಿಸಿದೆ. ಎಲ್ಲಿಂದ? ಕಾರ್ಕಳ ಬಸ್‌ಸ್ಟ್ಯಾಂಡಿನ ಕಾಯಿನ್ ಫೋನಾ?

...

ಊಟದ ವಿಷಯ ಆಮೇಲೆ. ಬೆಳಿಗ್ಗೆ ಜೆಸ್ಸಿ ಫೋನ್ ಮಾಡಿದ್ದಳು. ರಘುಪತಿ ಸರ್ ಅವರ ಶುಗರಿನ ಗುಳಿಗೆ ಬಂದಿದೆ, ಪ್ರತಿ ತಿಂಗಳಿನದ್ದೇ ಅಂದಳು. ನಂಬರು ತಪ್ಪಿರಬೇಕು ಮಾರಾಯ್ತಿ, ನಮ್ಮವರು ಗುಳಿಗೆ ಬಿಟ್ಟು ವರ್ಷ ಆಯ್ತು ಅಂತ ನಾನೇ ಅವಳಿಗೆ ಬುದ್ಧಿ ಹೇಳಿದೆ. ಪಾಪ, ಸಾರಿ ಹೇಳಿ ಫೋನ್ ಇಟ್ಟಳು.

...

ಎಂತ ಇಲ್ಲ? ನಿಮ್ಮ ಹಳೇ ಕನ್ನಡಕದ ಡಬ್ಬಿ ಈಗ ನನ್ನ ಕೈಯಲ್ಲುಂಟು. ಅದರಲ್ಲಿ ಕನ್ನಡಕ ಇಲ್ಲ.

...

ನನಗೆ ಬೇಸರ ಆಗ್ತದೆ ಅಂತ ಅಡಗಿಸಿದ್ದಾ? ಒಂದು ವರ್ಷ, ಮಾರಾಯ್ರೇ. ಗುಳಿಗೆ ಬಿಟ್ಟೆ ಅಂತ ನೀವೇ ಹೇಳಿದ್ದಲ್ವಾ? ದಿನಾ ಬೆಳಿಗ್ಗೆ ಹರಿವೆ, ಬಸಳೆ, ನುಗ್ಗೆಸೊಪ್ಪು ಕೊಯ್ದದ್ದು ನಾನು. ಹುರುಳಿ ನೆನೆ ಹಾಕಿದ್ದು ನಾನು. ನಿಮಗೆ ಆಸೆ ಆಗಬಾರದು ಅಂತ ಹಪ್ಪಳ ಕರಿಯುವುದನ್ನೇ ಬಿಟ್ಟೆ. ಹಿರಿಯಡ್ಕದ ಮಹಿಳಾ ಮಂಡಲದಲ್ಲಿ ಮೈಕ್ ಹಿಡಿದು, ನಮ್ಮವರ ಶುಗರ್ ಬರೀ ಸೊಪ್ಪು ತರಕಾರಿಯಲ್ಲಿ ಇಳಿಯಿತು ಅಂತ ಹೇಳಿ ಬಂದೆ. ನೀವು ಎದುರಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಿರಿ.

...

ಹಾಂ? ದಿನಕ್ಕೆ ಎರಡು ಗುಳಿಗೆ ಇದ್ದದ್ದು ಒಂದಾಯ್ತಾ? ಊಟದಿಂದಲೇ ಆದದ್ದು ಅಂತ ಡಾಕ್ಟರೇ ಹೇಳಿದರಾ?

...

ಹಾಗಾದರೆ ಅಷ್ಟನ್ನೇ ಹೇಳಲಿಕ್ಕೆ ನಿಮಗೆ ಎಂತ ಆಗಿತ್ತು? ನನಗೆ ಅದೇ ಧಾರಾಳ ಆಗ್ತಿತ್ತು. ಮೈಕಿನಲ್ಲಿಯೂ ಅದನ್ನೇ ಹೇಳ್ತಿದ್ದೆ, ಸತ್ಯ ಹೇಳಿದ ಹಾಗೆ ಆಗ್ತಿತ್ತು.

...

ಇಲ್ಲ, ಹೊಟ್ಟೆ ಉರಿಯುವುದು ಅದಕ್ಕಲ್ಲ. ಯಂಕವ್ವ ಇವತ್ತು ಕೆಲಸಕ್ಕೆ ಬರಲಿಲ್ಲ. ಅವಳ ಗಂಡ ಈಶಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಸಿಮೆಂಟ್ ಕೆಲಸದಲ್ಲಿ ಕಾಲ್ಬೆರಳಿಗೆ ಗಾಯ ಆಗಿತ್ತಲ್ಲ, ಅದು ಕಪ್ಪಾಗಿದೆ. ಗುಳಿಗೆ ಬಿಟ್ಟದ್ದರಿಂದ ಶುಗರ್ ಎಲ್ಲಿಗೋ ಏರಿದೆಯಂತೆ. ಬೆರಳು ತೆಗೆಯಬೇಕಂತೆ.

...

ಅವನು ಗುಳಿಗೆ ಯಾಕೆ ಬಿಟ್ಟನಾ? ನಾನು ಬಿಡಿಸಿದ್ದು. ನಮ್ಮ ಜಗಲಿಯಲ್ಲೇ ನಿಂತು ಯಂಕವ್ವನಿಗೆ ಹೇಳಿದೆ. ನಮ್ಮ ಯಜಮಾನರನ್ನು ನೋಡು, ಒಂದು ಗುಳಿಗೆ ಉಂಟಾ, ನಿನ್ನ ಗಂಡನಿಗೂ ಸೊಪ್ಪು ಹಾಕು, ಗುಳಿಗೆ ಬಿಡಿಸು ಅಂತ. ಹರಿವೆ ಕಟ್ಟು ಕೂಡ ನಾನೇ ಕೊಟ್ಟು ಕಳಿಸಿದೆ. ಆಗ ನೀವು ಅಲ್ಲೇ ಕುರ್ಚಿಯಲ್ಲಿ ಪೇಪರ್ ಓದುತ್ತಾ ಇದ್ದಿರಿ.

...

ಇದ್ದಿರಿ. ನಿಮಗೆ ಕೇಳಿಸಿತ್ತಾ?

...

ಡಾಕ್ಟರ ಮಾತು ಬಿಡಿ. ಕೇಳಿಸಿತ್ತಾ, ಇಲ್ಲವಾ?

...

ಈಗಷ್ಟೇ ಯಂಕವ್ವ ಆಸ್ಪತ್ರೆಯಿಂದ ಮಾತಾಡಿದಳು. ನನ್ನನ್ನು ಬೈಯಲಿಲ್ಲ. "ಸೊಪ್ಪು ನಾ ಕಡಿಮಿ ಹಾಕಿದ್ನೇನ್ರೀ ಅಮ್ಮಾರ?" ಅಂತ ಅತ್ತಳು. ಈಗ ಅಲ್ಲಿಗೆ ಹೊರಟಿದ್ದೇನೆ. ಅವಳ ತಪ್ಪಲ್ಲ ಅಂತ ಹೇಳಬೇಕು. ಯಾರ ತಪ್ಪು ಅಂತಲೂ ಹೇಳಬೇಕು. ನನ್ನ ಪಾಲಿನದ್ದು ನಾನು ಹೇಳ್ತೇನೆ. ಅದಕ್ಕೇ ನಿಮ್ಮನ್ನು ಕೇಳುವುದು.

...

ಕುಂಯ್ ಅಂತ ಶಬ್ದ ಬರ್ತಾ ಉಂಟು. ಕಾಯಿನ್ ಹಾಕಿ.

...

ಚಿಲ್ಲರೆ ಇಲ್ಲ ಅನ್ನಬೇಡಿ. ಬೆಳಿಗ್ಗೆ ಬಸ್ಸಿಗೆ ಅಂತ ನಾನೇ ನಿಮ್ಮ ಕಿಸೆಗೆ ಒಂದು ಮುಷ್ಟಿ ಹಾಕಿದ್ದೇನೆ. ಒಂದು ಹಾಕಿ, ಹಾಕಿ ಹೇಳಿ. ಅವತ್ತು ನಿಮಗೆ ಕೇಳಿಸಿತ್ತಾ?

...

ಹಲೋ?